ಹಳೆಯ ಪಿಕಪ್‌ಗೆ ಹೊಸ ಬ್ಯಾಟರಿಯೇ ಮದ್ದಲ್ಲ

ಮಾನ್ಯ ಸಂಪಾದಕರೇ,

ಚಳಿ ಬಿತ್ತೆಂದರೆ ಕೋಲಾರದ ಎಪಿಎಂಸಿಗೆ ಟೊಮೆಟೊ ಹೊರುವ ಹಳೆಯ ಡೀಸೆಲ್ ಪಿಕಪ್‌ಗಳು ಬೆಳಗಿನ ಜಾವ ಹಠ ಹಿಡಿಯುತ್ತವೆ. ಕ್ರೇಟು ತುಂಬಿದ ಗಾಡಿಯನ್ನು ನಾಲ್ಕು ಜನ ತಳ್ಳುವುದು, ಮಧ್ಯಾಹ್ನ ಹೊಸ ಬ್ಯಾಟರಿ ತರುವುದು ರೂಢಿಯಾಗಿಬಿಟ್ಟಿದೆ. ದುಡ್ಡು ಸುರಿಯುವ ಮುನ್ನ ಸದ್ದು ಕೇಳಿ, ಹೊಗೆ ನೋಡಿ.

ಕೀ ತಿರುಗಿಸಿದಾಗ ‘ಟಕ್’ ಎಂದು ಸುಮ್ಮನಾಯಿತೇ? ಹೆಡ್‌ಲೈಟ್ ಹಾಕಿ ಇನ್ನೊಮ್ಮೆ ಸೆಲ್ಫ್ ಹೊಡೆಯಿರಿ. ಲೈಟ್ ಮಂಕಾದರೆ ಬ್ಯಾಟರಿ ಇಲ್ಲವೇ ಟರ್ಮಿನಲ್ ನೋಡಿ. ಹಾಗೇ ಉರಿದರೆ ಸೆಲ್ಫ್ ಮೋಟರಿನ ಸ್ವಿಚ್ಚೋ, ಒಳಗೆ ಕರೆಂಟು ಮುಟ್ಟಿಸುವ ಕಾರ್ಬನ್ನೋ ಸವೆದಿರಬಹುದು. ಮಲ್ಟಿಮೀಟರ್ ಹಿಡಿದು ನೋಡಿದರೆ ರಾತ್ರಿಯೆಲ್ಲ ನಿಂತ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಇಳಿಯಬಾರದು. ಇಂಜಿನ್ ಓಡುವಾಗ 13.8ರಿಂದ 14.4 ಬರದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಅದನ್ನು ತಿರುಗಿಸುವ ಬೆಲ್ಟ್ ನೋಡಿಸಿ. ಇಲ್ಲವಾದರೆ ಹೊಸ ಬ್ಯಾಟರಿಯೂ ಬೇಗ ಮಲಗುತ್ತದೆ.

ಹೆಚ್ಚಿನವರು ಮುಟ್ಟದೇ ಬಿಡುವುದು ಬ್ಯಾಟರಿ ಮೈನಸ್ಸನ್ನು ಇಂಜಿನ್ನಿಗೆ, ಗಾಡಿಯ ಬಾಡಿಗೆ ಸೇರಿಸುವ ಅರ್ತ್ ಕೇಬಲ್ಲನ್ನು. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ ಬ್ಲಾಕಿಗೆ ಒತ್ತಿ ಸೆಲ್ಫ್ ಹೊಡೆಸಿ. 0.5 ವೋಲ್ಟ್ ದಾಟಿದರೆ ಕರೆಂಟು ದಾರಿಯಲ್ಲೇ ಪೋಲಾಗುತ್ತಿದೆ. ಮೇಲೆ ನೆಟ್ಟಗೆ ಕಾಣುವ ಕೇಬಲ್ಲಿನ ಬೋಲ್ಟ್ ಬಿಚ್ಚಿದರೆ ಅಡಿಯಲ್ಲಿ ತುಕ್ಕು, ಹಸಿರು ಪುಡಿ! ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ, ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿ.

ಸೆಲ್ಫ್ ಜೋರಾಗಿ ತಿರುಗಿದರೂ ಇಂಜಿನ್ ಹತ್ತದಿದ್ದರೆ ಸೈಲೆನ್ಸರ್ ಕಡೆ ನೋಡಿ. ಹೊಗೆಯೇ ಇಲ್ಲವೆಂದರೆ ಡೀಸೆಲ್ ಮುಟ್ಟುತ್ತಿಲ್ಲ. ಫಿಲ್ಟರ್ ತಳದ ನೀರು ಬಿಡಿ, ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಹ್ಯಾಂಡ್ ಪಂಪ್ ಒತ್ತಿ. ದಿನಾ ಏರ್ ಹಿಡಿಯುತ್ತಿದ್ದರೆ ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಬಿರುಕಿದೆ ಅಥವಾ ವಾಷರ್ ಹಳತಾಗಿದೆ. ಅಲ್ಲಿ ಪಂಪು ಎಳೆಯುವುದರಿಂದ ಡೀಸೆಲ್ ಹೊರಗೆ ಸೋರದೆಯೂ ಗಾಳಿ ಒಳನುಗ್ಗುತ್ತದೆ. ‘ಎಲ್ಲೂ ಲೀಕ್ ಇಲ್ಲ’ ಎಂಬ ಮಾತು ನಂಬಬೇಡಿ.

ಡೀಸೆಲ್ ವಾಸನೆಯ ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಚಳಿಯಲ್ಲಿ ಇಂಜಿನ್ ಒಳಗೆ ಬಿಸಿ ಕೊಡುವ ಹೀಟರ್ ಪ್ಲಗ್ ಇರುವ ಗಾಡಿಯಾದರೆ ಪ್ಲಗ್ಗಿನ ವೈರ್ ತೆಗೆದು ಓಮ್ ಅಳೆಯಿರಿ. 1 ಓಮ್ ಆಸುಪಾಸು ಇದ್ದರೆ ಸರಿ, ಮೀಟರ್ ಅಲುಗದಿದ್ದರೆ ಸುಟ್ಟಿದೆ. ಪ್ಲಗ್ಗುಗಳೆಲ್ಲ ಸರಿಯಿದ್ದರೆ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತುವ ಬಲ) ಪರೀಕ್ಷೆ ಮಾಡಿಸಬೇಕಾಗುತ್ತದೆ.

ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ. ಹೀಟರ್ ಪ್ಲಗ್ ಇರುವ ಇಂಜಿನ್ನಿಗೆ ಥಟ್ಟನೆ ಹೊತ್ತಿಕೊಳ್ಳುವ ಈಥರ್ ಸ್ಪ್ರೇ ಹೊಡೆದರೆ ಕಾದ ಪ್ಲಗ್ಗಿಗೆ ತಾಗಿ ಪಿಸ್ಟನ್ನೇ ಒಡೆದೀತು. ಡೀಸೆಲ್ಲನ್ನು ಭಾರೀ ಒತ್ತಡದಲ್ಲಿ ಇಂಜೆಕ್ಟರಿಗೆ ಕಳಿಸುವ ಕಾಮನ್ ರೈಲ್ ಗಾಡಿಯಲ್ಲಂತೂ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಏರ್ ತೆಗೆಯಲು ಹೋಗಬೇಡಿ. ಅಲ್ಲಿಂದ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ.

– ಡೀಸೆಲ್ ಮೆಕ್ಯಾನಿಕರು, ಕೋಲಾರ