ಬಣ್ಣ ಬಳಿಯುವ ಮುನ್ನ ಅಳತೆ ತೆಗೆಯಿರಿ

ಮಾನ್ಯರೆ, ಪ್ಯಾರಿಸ್ಸಿನ ನೋತ್ರ ದಾಮ್ ಚರ್ಚಿನ ಮರುನಿರ್ಮಾಣದ ವರದಿ ಓದಿದಾಗ, ರಾಯಚೂರು ಜಿಲ್ಲೆಯ ಹಳೆಯ ಕಟ್ಟಡಗಳನ್ನು ದಾಖಲೆಯಿಲ್ಲದೆ ದುರಸ್ತಿ ಮಾಡುತ್ತಿರುವುದು ನೆನಪಾಗಿ ಬೇಸರವಾಯಿತು.

1163ರಲ್ಲಿ ಕಟ್ಟಲು ಆರಂಭಿಸಿದ ಆ ಚರ್ಚಿನ ರಾಜಪ್ರತಿಮೆಗಳ ತಲೆಗಳು ಫ್ರೆಂಚ್ ಕ್ರಾಂತಿಯಲ್ಲಿ ಉರುಳಿದವು. 19ನೇ ಶತಮಾನದಲ್ಲಿ ಹೊಸ ಶಿಖರ ಬಂತು. 2019ರ ಏಪ್ರಿಲ್‌ನಲ್ಲಿ ಅದೂ ಓಕ್ ಮರದ ಮಾಡೂ ಸುಟ್ಟು ಬಿದ್ದವು. ಬೆಂಕಿಗೆ ಮೊದಲೇ ಲೇಸರ್‌ನಿಂದ ತೆಗೆದಿಟ್ಟಿದ್ದ ಅಳತೆಗಳು ಮರುನಿರ್ಮಾಣಕ್ಕೆ ನೆರವಾದವು. 2024ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆಯಿತು.

ನಮ್ಮಲ್ಲಿಯೋ, ಹಳೆಯ ಚರ್ಚೊಂದರ ಬಾಗಿಲ ಮೇಲಿನ ಇಸವಿಯ ಕಲ್ಲಿಗೆ ಪದರ ಪದರವಾಗಿ ಆಯಿಲ್ ಪೇಂಟ್ ಬಳಿದಿದ್ದಾರೆ. ಉಗುರಿನಿಂದ ಕೆರೆದರೂ ಅಂಕಿ ಕಾಣಲಿಲ್ಲ. (ಗುಡಿ, ದರ್ಗಾಗಳ ಪಾಡೂ ಇದೇ.) ಮುದಗಲ್ಲಿನಂಥ ಹಳೆಯ ಊರುಗಳಲ್ಲಿ ದುರಸ್ತಿಗೆ ಮೊದಲು ಪುರಾತತ್ವ ಇಲಾಖೆ ಅಳತೆ, ಛಾಯಾಚಿತ್ರ ತೆಗೆದಿಡಲಿ.

– ಓದುಗ, ಲಿಂಗಸುಗೂರು