ಹಸಿರುಗಟ್ಟಿದ ಕೆರೆ, ಸಾಯುತ್ತಿರುವ ಮೀನು

ಮಾನ್ಯ ಸಂಪಾದಕರೇ,

ಸಂಕ್ರಾಂತಿ ಕಳೆದ ಮೇಲೆ ನಮ್ಮೂರ ಕೆರೆ ನೀರು ಹಸಿರು ಬಣ್ಣ ಕಲಸಿದಂತಾಗಿದೆ. ಕೈ ಅದ್ದಿದರೆ ಪಾಚಿ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಕಳೆದ ವಾರ ನಸುಕಿನಲ್ಲಿ ಕಾಟ್ಲಾ, ರೋಹು ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಒದ್ದಾಡುತ್ತಿದ್ದವು. ಬಿಸಿಲೇರುವ ಹೊತ್ತಿಗೆ ದಡದುದ್ದಕ್ಕೂ ಹೊಟ್ಟೆ ಮೇಲಾಗಿ ತೇಲಿದವು. ಯಾರೋ ವಿಷ ಹಾಕಿದ್ದಾರೆಂದು ಗುಲ್ಲೆದ್ದು, ಗುತ್ತಿಗೆ ಹಿಡಿದ ಮೀನುಗಾರರ ಮೇಲೆಯೇ ಊರವರು ಹರಿಹಾಯ್ದರು. ಇದು ಅನ್ಯಾಯ.

ಹಗಲು ಆಮ್ಲಜನಕ ಬಿಡುವ ಪಾಚಿಯೇ ರಾತ್ರಿ ಅದನ್ನು ಹೀರುತ್ತದೆ. ಸತ್ತ ಪಾಚಿ ಕೊಳೆಯುವಾಗಲೂ ಅದು ಖರ್ಚಾಗುತ್ತದೆ. ಮೀನು ಹೆಚ್ಚಾಗಿ ಬೆಳಗಿನ ಜಾವ ಸಾಯುವುದು ಅದಕ್ಕೇ. ಪಾಚಿಗೆ ಮೇವು ಹಾಕುತ್ತಿರುವವರು ನಾವೇ: ಚರಂಡಿ ನೀರು, ಸೋಪಿನ ಪುಡಿಯ ರಂಜಕ (ಫಾಸ್ಫರಸ್), ಹೊಲದಿಂದ ಕೊಚ್ಚಿ ಬರುವ ಯೂರಿಯಾ, ಡಿಎಪಿ ಗೊಬ್ಬರ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತಾಗಲೂ ಕೊಳಚೆ, ಆಮ್ಲಜನಕದ ಕೊರತೆಯ ಮಾತೇ ಬಂದಿತ್ತು.

ನೀಲಿ-ಹಸಿರು ಪಾಚಿಯ ಕೆಲವು ಜಾತಿಗಳು ವಿಷಕಾರಿ. ನೀರು ಕುದಿಸಿದರೂ ಆ ವಿಷ ಹೋಗದು. ಆದರೂ ದನಕರು ಅಲ್ಲೇ ಕುಡಿಯುತ್ತಿವೆ. ಸತ್ತ ಮೀನನ್ನು ಕೆಲವರು ಸಾರಿಗೆಂದು ಒಯ್ದದ್ದನ್ನು ಕಣ್ಣಾರೆ ಕಂಡೆ, ಬೇಡವೆಂದರೂ ಕೇಳಲಿಲ್ಲ. ಸಂಬಂಧಪಟ್ಟ ಕಚೇರಿಗೆ ಎರಡು ಬಾರಿ ಅರ್ಜಿ ಕೊಟ್ಟರೂ ನೀರಿನ ಮಾದರಿ ಒಯ್ಯಲು ಯಾರೂ ಬಂದಿಲ್ಲ. ತಕ್ಷಣ ಪರೀಕ್ಷೆ ಮಾಡಿಸಿ, ದಡದಲ್ಲಿ ಎಚ್ಚರಿಕೆ ಫಲಕ ಹಾಕಿ, ಕೆರೆಗೆ ಬೀಳುವ ಚರಂಡಿಯನ್ನು ತಿರುಗಿಸಿ. ಸಾಲ ಮಾಡಿ ಮೀನುಮರಿ ಬಿಟ್ಟವರಿಗೆ ಈ ವರ್ಷದ ಗುತ್ತಿಗೆ ಹಣವಾದರೂ ಮನ್ನಾ ಆಗಲಿ.

– ಕೆರೆಯಂಚಿನ ನಿವಾಸಿ, ತುಮಕೂರು ಜಿಲ್ಲೆ