ಹರಿಕಾರ ಅನ್ನುವ ಪದ ಹೊಡೆದುಹಾಕು

ಪ್ರೀತಿಯ ತಂಗೀ,

ದೇವರಾಜ ಅರಸು ಬಗ್ಗೆ ನೀನು ಕಳಿಸಿದ ಲೇಖನ ಓದಿದೆ. ನಿನ್ನೆ ರಾತ್ರಿ ಒಮ್ಮೆ, ಇವತ್ತು ಬೆಳಿಗ್ಗೆ ಕಾಫಿ ಜೊತೆ ಇನ್ನೊಮ್ಮೆ. ತಪ್ಪು ಅಂತ ಬೆರಳಿಡೋಕೆ ಏನೂ ಸಿಗಲಿಲ್ಲ. 1915ರಲ್ಲಿ ಹುಟ್ಟಿದ್ದು ಸರಿ, ಹುಣಸೂರು ಸರಿ, 1972ರ ಮಾರ್ಚ್ 20ಕ್ಕೆ ಮುಖ್ಯಮಂತ್ರಿ ಆಗಿದ್ದೂ ಸರಿ. ಆದರೂ ಓದಿ ಮುಗಿಸಿದಾಗ ಜಯಂತಿ ಸಭೆಯಲ್ಲಿ ಭಾಷಣ ಕೇಳಿ ಎದ್ದು ಬಂದ ಹಾಗಾಯ್ತು. 'ಹಿಂದುಳಿದ ವರ್ಗಗಳ ಹರಿಕಾರ' ಅಂತ ಐದು ಕಡೆ ಬರೆದಿದ್ದೀಯ. ಎಣಿಸಿದೆ. ಐದನ್ನೂ ಹೊಡೆದುಹಾಕು.

ಬೇಜಾರು ಮಾಡಿಕೊಳ್ಳಬೇಡ. ನಿನ್ನ ವಯಸ್ಸಲ್ಲಿ ನಾನೂ ಹೀಗೇ ಬರೆಯುತ್ತಿದ್ದೆ, ಇನ್ನೂ ಕೆಟ್ಟದಾಗಿ.

ನಮ್ಮಜ್ಜಿಗೆ ಅರಸು ಹೆಸರು ಕೇಳಿದರೆ ಸಾಕಿತ್ತು, ಬಾಯಲ್ಲಿದ್ದ ಎಲೆಅಡಿಕೆ ಅಂಗಳಕ್ಕೆ ಉಗಿದು ಬಂದು ಬಯ್ಯೋಕೆ ಶುರುಮಾಡುತ್ತಿದ್ದಳು. ದಕ್ಷಿಣ ಕನ್ನಡದಲ್ಲಿ ನಮ್ಮದು ಮೂರೆಕರೆ ಗದ್ದೆ. ಅಜ್ಜ ತೀರಿಕೊಂಡ ಮೇಲೆ ಅದನ್ನು ಒಬ್ಬ ಒಕ್ಕಲಿಗೆ, ಅಂದರೆ ಗೇಣಿದಾರನಿಗೆ, ಚಾಲಗೇಣಿಗೆ ಕೊಟ್ಟಿದ್ದಳು. ಒಕ್ಕಲು ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಅಂತ ತಂದು ಹಾಕುತ್ತಿದ್ದ, ಜೊತೆಗೆ ಒಂದು ಹೊರೆ ಸೌತೆಕಾಯಿ. 1974ರ ಮಾರ್ಚ್ 1ಕ್ಕೆ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂತು. ಗೇಣಿ ಜಮೀನೆಲ್ಲ ಆ ದಿನದಿಂದ ಸರ್ಕಾರದ್ದು, ಉಳುವವನು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ ಸಾಬೀತು ಮಾಡಿದರೆ ಅವನದ್ದು. ಆ ಅರ್ಜಿಗೇ ಡಿಕ್ಲರೇಶನ್ ಅನ್ನುತ್ತಿದ್ದರು. ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: 'ಡಿಕ್ಲರೇಶನ್ ಕೊಟ್ಟಾಯ್ತಾ?' ನಮ್ಮ ಒಕ್ಕಲೂ ಕೊಟ್ಟ. ಕೊಡುವ ಮುಂಚೆ ಅಜ್ಜಿಯ ಹತ್ತಿರ ಬಂದು ಅಂಗಳದಲ್ಲಿ ನಿಂತು, ಏನೂ ಹೇಳದೆ, ಸುಮ್ನೆ ವಾಪಸ್ ಹೋದನಂತೆ.

ಈ ಅರ್ಜಿಗಳನ್ನು ತೀರ್ಮಾನಿಸಿದ ಭೂನ್ಯಾಯಮಂಡಳಿಯನ್ನು, ಅಂದರೆ ಟ್ರಿಬ್ಯೂನಲ್ ಅನ್ನು, ನೀನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀಯ. ಅಲ್ಲೇ ನಿಲ್ಲಬೇಕಿತ್ತು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಜೊತೆಗೆ ಸರ್ಕಾರ ನೇಮಿಸಿದ ನಾಲ್ಕು ಮಂದಿ, ಅವರಲ್ಲೊಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಆಗ ಪ್ರವೇಶವೇ ಇರಲಿಲ್ಲ. ಯೋಚನೆ ಮಾಡಿ ನೋಡು. ಧನಿಗಳು, ಅಂದರೆ ಜಮೀನ್ದಾರರು, ಮಂಗಳೂರಿಂದ ಕಪ್ಪು ಕೋಟಿನವರನ್ನು ಕರೆತರಬಹುದು, ಒಕ್ಕಲಿನ ಹತ್ತಿರ ಬಸ್ ಚಾರ್ಜಿಗೂ ದುಡ್ಡಿಲ್ಲ. ಆ ಒಂದು ಬಾಗಿಲು ಮುಚ್ಚಿದ್ದಕ್ಕೆ ಎಷ್ಟು ಮನೆಗಳ ಹಣೆಬರಹ ಬದಲಾಯಿತು ಅಂತ ಬರೆ, ಆಗ 'ಹರಿಕಾರ' ಬೇಕಾಗುವುದೇ ಇಲ್ಲ. ಆದರೆ ಅದೇ ಕಾಯ್ದೆಯಲ್ಲಿ ಸೈನಿಕರಿಗೂ ನಾವಿಕರಿಗೂ ಬಿಟ್ಟರೆ ವಿನಾಯಿತಿ ಇರಲಿಲ್ಲ, ವಿಧವೆಗೂ ಇರಲಿಲ್ಲ. ಮೂರೆಕರೆಯ ಅಜ್ಜಿ, ಮುನ್ನೂರು ಎಕರೆಯ ಧನಿ, ಇಬ್ಬರೂ ಒಂದೇ. ಇದನ್ನೂ ಬರೆ. ಅಜ್ಜಿಯ ಟ್ರಂಕಿನಲ್ಲಿ ಗೇಣಿ ಚೀಟಿಗಳ ಕಟ್ಟು ಅವಳು ಸಾಯುವವರೆಗೂ ಇತ್ತು, ಹುರಿಹಗ್ಗದಲ್ಲಿ ಕಟ್ಟಿಟ್ಟಿದ್ದಳು. ಆ ಒಕ್ಕಲಿನ ಮನೆಯಲ್ಲಿ ಅರಸು ಫೋಟೋ ಇತ್ತು, ಇಂದಿರಾ ಗಾಂಧಿ ಪಕ್ಕದಲ್ಲಿ. ನಾನು ಎರಡೂ ಮನೆಯಲ್ಲಿ ಉಂಡು ಬೆಳೆದವನು. ನನಗೆ ಇವತ್ತಿಗೂ ಕಾಯ್ದೆ ಸರಿ ಅಂತಲೇ ಅನ್ನಿಸುತ್ತದೆ, ಅಜ್ಜಿಯ ಸಿಟ್ಟು ಸುಳ್ಳು ಅಂತ ಮಾತ್ರ ಅನ್ನಿಸುವುದಿಲ್ಲ.

ಇನ್ನು ಲೆಕ್ಕ. ರಾಜಕಾರಣಿಯ ಬಗ್ಗೆ ಬರೆಯುವವರು ಲೆಕ್ಕಕ್ಕೆ ಹೆದರಬಾರದು. 1956ರಿಂದ ಅರಸು ಬರುವವರೆಗೆ ಮುಖ್ಯಮಂತ್ರಿ ಕುರ್ಚಿಯಲ್ಲಿ ಕೂತವರು ನಿಜಲಿಂಗಪ್ಪ, ಜತ್ತಿ, ಕಂಠಿ, ವೀರೇಂದ್ರ ಪಾಟೀಲ. ಎಲ್ಲರೂ ಲಿಂಗಾಯತರು. ಅದಕ್ಕೂ ಹಿಂದೆ ಹಳೇ ಮೈಸೂರಲ್ಲಿ ಒಕ್ಕಲಿಗರು. ಅರಸು ಜಾತಿ ಎಷ್ಟು ಮಂದಿ? ಒಂದು ಕ್ಷೇತ್ರ ಗೆಲ್ಲಿಸುವಷ್ಟೂ ಇಲ್ಲ. ತನ್ನವರು ಅಂತ ಬೆನ್ನಿಗೆ ಇಲ್ಲದವನು ಯಾರಿಗೂ ಬೇಡವಾದವರನ್ನೆಲ್ಲ ಒಟ್ಟು ಸೇರಿಸಬೇಕಾಯ್ತು. ಹಿಂದುಳಿದ ವರ್ಗಗಳ ಹಾವನೂರು ಆಯೋಗ, ಚುನಾವಣೆಯ ಟಿಕೆಟ್ ಹಂಚಿಕೆ, ಎಲ್ಲದರಲ್ಲೂ ಈ ಲೆಕ್ಕ ಇದೆ. ಕರುಣೆಯೂ ಇತ್ತು, ಲೆಕ್ಕವೂ ಇತ್ತು. ನೀನು ಕರುಣೆ ಮಾತ್ರ ಬರೆದಿದ್ದೀಯ. ಅದರಿಂದ ಮನುಷ್ಯ ದೊಡ್ಡವನಾಗಲಿಲ್ಲ, ಸಪ್ಪೆಯಾದ.

ಮತ್ತೆ ತುರ್ತು ಪರಿಸ್ಥಿತಿ ಎಲ್ಲಿ ಹೋಯ್ತು? ಇಡೀ ಲೇಖನದಲ್ಲಿ ಆ ಪದವೇ ಇಲ್ಲ! ಟ್ರಿಬ್ಯೂನಲ್‌ಗಳು ಕೂತ ಅದೇ ವರ್ಷಗಳಲ್ಲಿ, ಅದೇ ಮುಖ್ಯಮಂತ್ರಿಯ ಕಾಲದಲ್ಲಿ, ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ಆಸ್ತಮಾದಿಂದ ನರಳಿದರು. 1977ರ ಜನವರಿಯಲ್ಲಿ ಹೊರಗೆ ಬಿಟ್ಟ ಕೆಲವೇ ದಿನಕ್ಕೆ ತೀರಿಕೊಂಡರು. ಅರಸು ಮೇಲಿನ ಭ್ರಷ್ಟಾಚಾರದ ಆರೋಪಗಳ ತನಿಖೆಗೆ ಗ್ರೋವರ್ ಆಯೋಗ ಕೂತಿತ್ತು. ಇದನ್ನೆಲ್ಲ ಬಿಟ್ಟರೆ ನಿನ್ನ ಓದುಗ ನಾಳೆ ಬೇರೆಲ್ಲೋ ಓದಿ, ಈ ಹುಡುಗಿ ಮುಚ್ಚಿಟ್ಟಳು ಅನ್ನುತ್ತಾನೆ. ಆಮೇಲೆ ನೀನು ನಿಜ ಬರೆದರೂ ನಂಬುವುದಿಲ್ಲ.

ಬಸವಲಿಂಗಪ್ಪನವರ ಬೂಸಾ ಗಲಾಟೆಯನ್ನೂ ಬಿಟ್ಟಿದ್ದೀಯ. ಬರೆಯುವವರೇ ಅದನ್ನು ಬಿಟ್ಟರೆ ಹೇಗೆ? ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ಮಂತ್ರಿ, 1973ರಲ್ಲಿ ಕನ್ನಡ ಸಾಹಿತ್ಯ ಬೂಸಾ, ಅಂದರೆ ದನದ ಮೇವು, ಅಂದದ್ದಕ್ಕೆ ಕುರ್ಚಿ ಕಳೆದುಕೊಂಡರು. ಅರಸು ಅವರನ್ನು ಉಳಿಸಿಕೊಳ್ಳಲಿಲ್ಲ. ಅದೇ ವರ್ಷದ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕ ಆಗಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು.

ಕೊನೆಯ ಭಾಗ ನಿನ್ನ ಲೇಖನದಲ್ಲಿ ಬರೀ ಒಂದು ಪ್ಯಾರಾ. ನನಗಾದರೆ ಅಲ್ಲಿಂದಲೇ ಶುರುಮಾಡಬೇಕು ಅನ್ನಿಸುತ್ತದೆ. 1978ರಲ್ಲಿ ಇಂದಿರಾ ಗಾಂಧಿಯನ್ನು ಚಿಕ್ಕಮಗಳೂರಿಗೆ ಕರೆತಂದು ಗೆಲ್ಲಿಸಿದವರು ಇವರೇ. ಮರುವರ್ಷ ಅದೇ ಪಕ್ಷದಿಂದ ಉಚ್ಚಾಟನೆ. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಪಕ್ಷಕ್ಕೆ ರಾಜ್ಯದ 28ರಲ್ಲಿ 27 ಸ್ಥಾನ. ಜಮೀನು ಸಿಕ್ಕವರೂ ಇಂದಿರಾ ಪಕ್ಷದ ಕೈ ಗುರುತಿಗೇ ಒತ್ತಿದರು! ಶಾಸಕರು ಸಾಲುಗಟ್ಟಿ ಆಚೆ ಹೋದರು, ಅರಸು ಅವರೇ ಬೆಳೆಸಿದ ಗುಂಡೂರಾವ್ ಮುಖ್ಯಮಂತ್ರಿ ಆದರು. ಎರಡು ವರ್ಷ ಚಿಲ್ಲರೆ, 1982ರ ಜೂನ್ 6ಕ್ಕೆ ಅರಸು ಇಲ್ಲ. ನಮ್ಮೂರಿನ ಆ ಫೋಟೋದಲ್ಲಿ ಮಾತ್ರ ಇಬ್ಬರೂ ಜೊತೆಯಲ್ಲೇ ಉಳಿದರು, ಯಾರೂ ಕತ್ತರಿಸಲಿಲ್ಲ. ಯಾಕೆ ಕತ್ತರಿಸಲಿಲ್ಲ ಅಂತ ಆ ಒಕ್ಕಲನ್ನು ಕೇಳಬೇಕಿತ್ತು ನಾನು. ಕೇಳಲಿಲ್ಲ, ಈಗ ಅವನಿಲ್ಲ. ನಿಮ್ಮೂರ ಕಡೆ ಡಿಕ್ಲರೇಶನ್ ಕೊಟ್ಟ ಮುದುಕರು ಯಾರಾದರೂ ಇದ್ದಾರಾ ನೋಡು. ಇದ್ದರೆ ಇದೇ ವಾರ ಹೋಗು. ಅರಸು ಪೈಪ್ ಸೇದುತ್ತಿದ್ದರು, ಠೀವಿ ಇತ್ತು ಅನ್ನುವುದೆಲ್ಲ ಆಮೇಲೆ ನೋಡೋಣ.

ಬರೆದು ಮುಗಿಸಿ ಕಳಿಸುವ ಬದಲು ನೀನೇ ತಗೊಂಡು ಬಾ. ಆ ಗದ್ದೆಯಲ್ಲಿ ಈಗ ಒಕ್ಕಲಿನ ಮೊಮ್ಮಗ ಬೆಳೆ ಬೆಳೆಯುತ್ತಾನೆ. ಅಜ್ಜಿ ಹೋಗಿ ಎಷ್ಟೋ ವರ್ಷವಾದರೂ ಸೌತೆಕಾಯಿ ನಮ್ಮ ಮನೆಗೆ ಬರುವುದು ನಿಂತಿಲ್ಲ. ಹುಳಿ ಮಾಡಿಸುತ್ತೇನೆ.

ನಿನ್ನ
ಅಣ್ಣ